ಹೆದರಿಕೆಗೆ ಆಧಾರವಿದ್ದಾಗ: ಗುಡ್ಡದಡಿಯ ಮನೆಯೊಂದರ ಆಪ್ತಸಲಹೆ ಪ್ರಕರಣ

ಉತ್ತರ ಕನ್ನಡ ಜಿಲ್ಲೆಯ ಕುಮಟಾ ತಾಲ್ಲೂಕಿನಿಂದ ನನ್ನ ಬಳಿ ಆಪ್ತಸಲಹೆಗೆ ಬಂದಿದ್ದ ನಡುವಯಸ್ಸಿನ ಗೃಹಿಣಿಯೊಬ್ಬರನ್ನು ಇಲ್ಲಿ ಶಾರದಾ ಎಂದು ಕರೆಯುತ್ತೇನೆ. ಗುರುತು ಸಿಗದಂತೆ ಹೆಸರನ್ನೂ ಕೆಲವು ವಿವರಗಳನ್ನೂ ಬದಲಿಸಿದ್ದು, ಕುಟುಂಬದ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಅವರನ್ನು ಕರೆತಂದವಳು ಪದವಿ ಓದುತ್ತಿರುವ ಮಗಳು. ಮಳೆಗಾಲ ಆರಂಭವಾದ ಮೇಲೆ ಅಮ್ಮ ತನ್ನನ್ನು ಸರಿಯಾಗಿ ಕಾಲೇಜಿಗೆ ಕಳಿಸುತ್ತಿಲ್ಲ, ಹಾಜರಾತಿ ಕೊರತೆಯ ಪತ್ರ ಮನೆಗೆ ಬಂದಿದೆ ಎಂಬುದು ಅವಳ ದೂರಾಗಿತ್ತು. ಮಾತು ಮುಂದುವರಿದಂತೆ ತಿಳಿದುಬಂದದ್ದೇನೆಂದರೆ, ಶಾರದಾ ಅವರಿಗೆ ಒಂದು ತಿಂಗಳಿಗೂ ಹೆಚ್ಚು ಕಾಲದಿಂದ ಸರಿಯಾದ ನಿದ್ದೆಯಿರಲಿಲ್ಲ. ಮಳೆ ಜೋರಾದರೆ ನಡುರಾತ್ರಿ ಎದ್ದು, ಬ್ಯಾಟರಿ ಹಿಡಿದು ಮನೆಯ ಹಿಂದಿನ ಧರೆಯನ್ನು, ಅಂದರೆ ಗುಡ್ಡ ಕಡಿದಲ್ಲಿ ಉಳಿದ ಕಡಿದಾದ ಮಣ್ಣಿನ ಗೋಡೆಯನ್ನು, ನೋಡಿಬರುತ್ತಿದ್ದರು. ಉಳಿದ ಹೊತ್ತು ಮೊಬೈಲಿನಲ್ಲಿ ಗುಡ್ಡ ಕುಸಿತದ ದೃಶ್ಯಗಳನ್ನು ನೋಡುತ್ತಿದ್ದರು. ಕಾರವಾರದಿಂದ ಮಂಗಳೂರಿಗೆ ಮೀನು ಸಾಗಿಸುವ ಗಂಡನಿಗೆ ಒಂದೇ ರಾತ್ರಿಯಲ್ಲಿ ಹತ್ತಾರು ಸಲ ಕರೆ ಮಾಡುತ್ತಿದ್ದರು.

ಈ ಹೆದರಿಕೆಯ ಮೂಲವನ್ನು ಜಿಲ್ಲೆಯವರಿಗೆ ವಿವರಿಸಬೇಕಾಗಿಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿದು, ರಸ್ತೆ ಬದಿಯ ಚಹಾದಂಗಡಿಯೂ ವಾಹನಗಳೂ ಗಂಗಾವಳಿ ನದಿಯ ಪಾಲಾದವು. ನದಿಯಾಚೆಯ ಉಳುವರೆಯ ಮನೆಗಳಿಗೂ ಹಾನಿಯಾಯಿತು. ಲಾರಿಯೊಂದನ್ನು ನದಿಯಿಂದ ಮೇಲೆತ್ತುವಷ್ಟರಲ್ಲಿ ಸೆಪ್ಟೆಂಬರ್ 25 ಆಗಿತ್ತು. ಆ ನಡುವೆಯೇ, ಆಗಸ್ಟ್ 7ರ ನಸುಕಿನಲ್ಲಿ ಕಾರವಾರದ ಕಾಳಿ ನದಿಯ ಹಳೆಯ ಸೇತುವೆಯೂ ಕುಸಿಯಿತು. ಶಾರದಾ ಅವರ ಮಗಳು ಅಂಕೋಲೆಯ ಕಾಲೇಜಿಗೆ ಹೋಗುವ ಬಸ್ಸು ಶಿರೂರಿನ ಮೇಲೆಯೇ ಸಾಗುತ್ತದೆ, ಗಂಡನ ಲಾರಿಯೂ ಅಲ್ಲಿಯೇ ಸಾಗುತ್ತದೆ. ದುರಂತದ ಹಿಂದಿನ ದಿನ ಅವರೇ ಆ ದಾರಿಯಲ್ಲಿ ತವರಿನಿಂದ ಮರಳಿದ್ದರು. ಅವರ ನೆರೆಮನೆಯ ಹಿರಿಯರೊಬ್ಬರು 2009ರಲ್ಲಿ ಕಾರವಾರ ತಾಲ್ಲೂಕಿನ ಕಡವಾಡದಲ್ಲಿ ಗುಡ್ಡ ಕುಸಿದು ಮನೆಗಳು ಮಣ್ಣಿನಡಿ ಹೂತುಹೋದ ಘಟನೆಯನ್ನೂ ಪದೇ ಪದೇ ನೆನಪಿಸುತ್ತಿದ್ದರಂತೆ.

ಗಂಡ ಒಳ್ಳೆಯ ಮನುಷ್ಯರೇ, ಆದರೆ ಅವರಲ್ಲಿದ್ದ ಔಷಧ ಒಂದೇ: "ಸುಮ್ಮನೆ ಹೆದರಬೇಡ, ಏನೂ ಆಗುವುದಿಲ್ಲ." ಮನೆಯ ಹಿಂದೆ ಎರಡಾಳೆತ್ತರದ ಧರೆಯನ್ನು ನೇರವಾಗಿ ಕಡಿದು ನಿಲ್ಲಿಸಿರುವಾಗ ಈ ಮಾತಿನಲ್ಲಿ ಶಾರದಾ ಅವರಿಗೆ ನಂಬಿಕೆ ಬರಲಿಲ್ಲ, ಬರಬೇಕಾಗಿಯೂ ಇರಲಿಲ್ಲ. ನಮ್ಮ ಕ್ಷೇತ್ರದಲ್ಲಿ ಆತಂಕವನ್ನು ಬರೀ ಮನಸ್ಸಿನ ಕಲ್ಪನೆ ಎಂಬಂತೆ ನೋಡುವ ರೂಢಿಯೊಂದಿದೆ. ಈ ಕರಾವಳಿಯಲ್ಲಿ ಅದು ನಡೆಯುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಆದ್ದರಿಂದ ನಾನು ಅವರಿಗೆ ಧೈರ್ಯ ಹೇಳಲು ಹೋಗಲಿಲ್ಲ. ನಿಮ್ಮ ಹೆದರಿಕೆ ಸುಳ್ಳಲ್ಲ, ಆದರೆ ಹೆದರಿಕೆಯಿಂದ ನೀವು ಮಾಡುತ್ತಿರುವ ಕೆಲಸಗಳಲ್ಲಿ ಯಾವುದು ಮನೆಯವರನ್ನು ಕಾಯುತ್ತಿದೆ, ಯಾವುದು ಕಾಯುತ್ತಿಲ್ಲ ಎಂದು ಒಂದೊಂದಾಗಿ ನೋಡೋಣ ಎಂದೆ.

ಮೊದಲು ಕೈಗೆತ್ತಿಕೊಂಡದ್ದು ರಾತ್ರಿಯ ಕಾವಲನ್ನು. ಜೋರು ಮಳೆಯಲ್ಲಿ ಕಡಿದ ಧರೆಯ ಬುಡಕ್ಕೆ ಹೋಗಿ ನಿಲ್ಲುವುದು, ಆ ಮನೆಯಲ್ಲಿ ಯಾರಾದರೂ ಮಾಡಬಹುದಾದ ಕೆಲಸಗಳಲ್ಲೆಲ್ಲ ಅತ್ಯಂತ ಅಪಾಯದ್ದು. ಕತ್ತಲಲ್ಲಿ ಬಿರುಕು ಕಾಣುವುದೂ ಇಲ್ಲ. ಬದಲಾಗಿ, ಹಗಲಿನಲ್ಲಿ, ಮಳೆ ಬಿಟ್ಟಾಗ, ಇನ್ನೊಬ್ಬರನ್ನು ಜೊತೆಗೆ ಕರೆದುಕೊಂಡು ದೂರದಿಂದಲೇ ನೋಡಬೇಕಾದದ್ದನ್ನು ಬರೆದುಕೊಟ್ಟೆ: ನೆಲದಲ್ಲಿ ಅಥವಾ ಗೋಡೆಯಲ್ಲಿ ಹೊಸ ಬಿರುಕು, ವಾಲಿದ ಮರ ಅಥವಾ ವಿದ್ಯುತ್ ಕಂಬ, ಒಮ್ಮೆಲೇ ಬಿಗಿಯಾದ ಬಾಗಿಲು, ತಿಳಿಯಾಗಿ ಹರಿಯುತ್ತಿದ್ದ ಒರತೆ ರಾಡಿಯಾಗುವುದು ಅಥವಾ ಹಠಾತ್ತಾಗಿ ನಿಂತುಹೋಗುವುದು. ಇವುಗಳಲ್ಲಿ ಯಾವುದು ಕಂಡರೂ ಚರ್ಚೆಗೆ ಕೂರದೆ ಮನೆ ಬಿಡಬೇಕು, 112ಕ್ಕೆ ಕರೆ ಮಾಡಬೇಕು. ಧರೆಯನ್ನು ಪರಿಶೀಲಿಸುವಂತೆ ಗ್ರಾಮ ಪಂಚಾಯಿತಿಗೂ ತಹಶೀಲ್ದಾರರಿಗೂ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆದುಕೊಳ್ಳಲು ತಿಳಿಸಿದೆ. ಹವಾಮಾನ ಇಲಾಖೆ ಜಿಲ್ಲೆಗೆ ರೆಡ್ ಅಲರ್ಟ್ ಕೊಟ್ಟ ದಿನ ಕತ್ತಲಾಗುವ ಮೊದಲೇ ಅತ್ತೆಯವರೊಡನೆ ಪೇಟೆಯಲ್ಲಿರುವ ನಾದಿನಿಯ ಮನೆಗೆ ಹೋಗುವುದೆಂದು ಮೊದಲೇ ಮಾತಾಡಿಕೊಂಡರೆ, ಪ್ರತಿ ರಾತ್ರಿ ಹೋಗುವುದೋ ಬಿಡುವುದೋ ಎಂದು ಹೊಯ್ದಾಡುವ ಪ್ರಸಂಗ ಬರುವುದಿಲ್ಲ. ಆಧಾರ್, ಪಡಿತರ ಚೀಟಿ, ಜಾಗದ ಕಾಗದಪತ್ರ, ಅತ್ತೆಯವರ ರಕ್ತದೊತ್ತಡದ ಮಾತ್ರೆ, ಚಾರ್ಜರ್ ಇರುವ ಚೀಲವೊಂದು ಬಾಗಿಲ ಬಳಿ ಸಿದ್ಧವಿರಲಿ ಎಂದೆ. ಅತ್ತೆಯವರು ಮೊದಮೊದಲು ಇದನ್ನು ಅಪಶಕುನವೆಂದರಂತೆ; ಮಾತ್ರೆಯ ಡಬ್ಬಿ ತಂದು ಅದರೊಳಗಿಟ್ಟವರೂ ಅವರೇ.

ಗಂಡನೊಡನೆ ಬೇರೆಯಾಗಿ ಮಾತಾಡಿದಾಗ ಇನ್ನೊಂದು ಸಂಗತಿ ಹೊರಬಂತು. ಕರೆ ಎತ್ತದಿದ್ದರೆ ಹೆಂಡತಿ ಅಳುತ್ತಾರೆಂದು ಅವರು ಲಾರಿ ಓಡಿಸುತ್ತಲೇ ಫೋನು ಎತ್ತುತ್ತಿದ್ದರು. ಗುಡ್ಡದ ಭಯಕ್ಕೆ ಮಾಡಿದ ಕರೆ ಮಳೆಯ ಹೆದ್ದಾರಿಯಲ್ಲಿ ಬೇರೊಂದು ಅಪಾಯವನ್ನು ಹುಟ್ಟಿಸುತ್ತಿತ್ತು. ಇದನ್ನು ಇಬ್ಬರ ಎದುರಿಗೂ ಇಟ್ಟಾಗ ಶಾರದಾ ಬಹಳ ಹೊತ್ತು ಮಾತಾಡಲಿಲ್ಲ. ಅಂಕೋಲಾ, ಹೊನ್ನಾವರ, ಭಟ್ಕಳಗಳಲ್ಲಿ ಲಾರಿ ನಿಲ್ಲಿಸಿದಾಗ ಗಂಡನೇ ಕರೆ ಮಾಡಬೇಕು, ನಡುವೆ ಶಾರದಾ ಮಾಡಬಾರದು ಎಂಬ ಕರಾರಿಗೆ ಇಬ್ಬರೂ ಒಪ್ಪಿದರು. ಶಿರೂರು ದಾಟುವಾಗ ತನಗೂ ಎದೆ ಹಿಡಿದಂತಾಗುತ್ತದೆ ಎಂಬುದನ್ನು ಗಂಡ ಮನೆಯಲ್ಲಿ ಎಂದೂ ಹೇಳಿರಲಿಲ್ಲ. ಅದನ್ನು ಹೆಂಡತಿಗೆ ತಿಳಿಸುವಂತೆ ನಾನು ಒತ್ತಾಯಿಸಿದೆ, ಏಕೆಂದರೆ ಮನೆಯಲ್ಲಿ ಹೆದರುವವಳು ತಾನೊಬ್ಬಳೇ ಎಂಬ ಭಾವನೆ ಅವರ ಆತಂಕವನ್ನು ಇಮ್ಮಡಿಗೊಳಿಸಿತ್ತು.

ಸುದ್ದಿಯ ವಿಷಯದಲ್ಲಿ ನನ್ನ ಸಲಹೆ ಕಟ್ಟುನಿಟ್ಟಾಗಿತ್ತು: ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಹವಾಮಾನ ಇಲಾಖೆ ಮತ್ತು ಜಿಲ್ಲಾಡಳಿತದ ಪ್ರಕಟಣೆ ನೋಡಿದರೆ ಸಾಕು, ರಾತ್ರಿ ಊಟದ ನಂತರ ಏನೂ ಬೇಡ. ಹಳೆಯ ವಿಡಿಯೊವನ್ನೇ ಇವತ್ತಿನದೆಂದು ವಾಟ್ಸಾಪ್ ಗುಂಪುಗಳಲ್ಲಿ ಹರಿಬಿಡುವವರಿಗೆ ಕೊರತೆಯಿಲ್ಲ. ಅದೇ ದೃಶ್ಯವನ್ನು ಇಪ್ಪತ್ತು ಸಲ ನೋಡಿದರೆ ಮಾಹಿತಿ ಹೆಚ್ಚುವುದಿಲ್ಲ, ನಿದ್ದೆ ಮಾತ್ರ ಕೆಡುತ್ತದೆ.

ಮಗಳ ಕಾಲೇಜಿನ ವಿಷಯದಲ್ಲಿ ಕಷ್ಟವಾಯಿತು. ಜಿಲ್ಲಾಧಿಕಾರಿಗಳು ರಜೆ ಘೋಷಿಸಿದ ದಿನ ಹೋಗುವುದು ಬೇಡ, ಉಳಿದ ದಿನ ಹೋಗಲೇಬೇಕು ಎಂದು ನಾನು ಹೇಳಿದ್ದನ್ನು ಶಾರದಾ ಕೂಡಲೇ ಒಪ್ಪಲಿಲ್ಲ. ಒಂದು ದಾರಿಯನ್ನು ತಪ್ಪಿಸಿಕೊಂಡಷ್ಟೂ ಅದರ ಭಯ ಬೆಳೆಯುತ್ತದೆಯೆಂದು ವಿವರಿಸಿ, ಬಿಸಿಲಿದ್ದ ಒಂದು ದಿನ ಮಗಳೊಡನೆ ಅದೇ ಬಸ್ಸಿನಲ್ಲಿ ಅಂಕೋಲೆಗೆ ಹೋಗಿಬರಲು ಹೇಳಿದೆ. ಮೊದಲ ಸಲ ಶಿರೂರು ಬರುವ ಮೊದಲೇ ಇಳಿದುಬಿಟ್ಟರು. ಮುಂದಿನ ವಾರ ಪೂರ್ತಿ ಹೋದರು.

ಎಲ್ಲವೂ ಸರಿಯಾಯಿತೆಂದು ಬರೆಯಲಾರೆ. ಅರ್ಜಿಗೆ ಸ್ವೀಕೃತಿ ಸಿಕ್ಕಿದೆ, ಪರಿಶೀಲನೆಗೆ ಇನ್ನೂ ಯಾರೂ ಬಂದಿಲ್ಲ. ಮಗಳು ಕಾಲೇಜಿಗೆ ಹೋಗುತ್ತಿದ್ದಾಳೆ. ನಿದ್ದೆ ಅರ್ಧ ಮಾತ್ರ ಸುಧಾರಿಸಿದ್ದರಿಂದ ಅವರನ್ನು ಮನೋವೈದ್ಯರ ಬಳಿಗೂ ಕಳಿಸಿದ್ದೇನೆ. ಇಂಥ ಆತಂಕ ವಾರಗಟ್ಟಲೆ ಉಳಿದು ಊಟ, ನಿದ್ದೆ, ಮನೆಗೆಲಸಗಳನ್ನು ಕೆಡಿಸುತ್ತಿದ್ದರೆ ಮಳೆಗಾಲ ಮುಗಿಯಲೆಂದು ಕಾಯಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಶುಲ್ಕವಿಲ್ಲದೆ ಕರೆ ಮಾಡಿ ಕನ್ನಡದಲ್ಲಿಯೇ ಮಾತಾಡಬಹುದು.