ಗದರುತ್ತಿದ್ದ ಅಜ್ಜಿಯ ಬಗ್ಗೆ ಏನು ಹೇಳಲಿ?

(ಇಸ್ರೇಲಿನಲ್ಲಿ ವೃದ್ಧರ ಆರೈಕೆಯ ಕೆಲಸದಲ್ಲಿರುವ ಮಂಗಳೂರು ಕಡೆಯ ಓದುಗರೊಬ್ಬರ ಪತ್ರ: ‘ಒಂಬತ್ತು ವರ್ಷ ನೋಡಿಕೊಂಡ ಅಜ್ಜಿ ತೀರಿಕೊಂಡರು. ಮಣ್ಣು ಮಾಡಿದ ದಿನ ನನಗೆ ಬಾಯಿಯೇ ಬರಲಿಲ್ಲ. ಮೂವತ್ತನೆಯ ದಿನ ಸಮಾಧಿಯ ಬಳಿ ನಾಲ್ಕು ಮಾತಾಡು ಎಂದು ಮಕ್ಕಳು ಕೇಳಿದ್ದಾರೆ. ನಾನು ಕ್ರೈಸ್ತಳು, ಕೆಲಸದವಳು. ಅಜ್ಜಿಯೋ ಬಲು ಸಿಡುಕಿ.’)

ಸೋದರಿ, ಮೊದಲ ದಿನ ಮಾತು ಹೊರಡಲಿಲ್ಲವೆಂದು ಕೊರಗಬೇಡಿ. ಯೆಹೂದ್ಯರು ಅಂತ್ಯಕ್ರಿಯೆಯನ್ನು ತಡಮಾಡುವುದಿಲ್ಲ, ಸಾಧ್ಯವಾದರೆ ಅದೇ ದಿನ ಮುಗಿಸುತ್ತಾರೆ. ಮಾತು ಹೊಂದಿಸಿಕೊಳ್ಳಲು ಹೆತ್ತ ಮಕ್ಕಳಿಗೇ ಪುರುಸೊತ್ತಿರುವುದಿಲ್ಲ. ‘ಶಿವಾ’ ಎಂಬ ಏಳು ದಿನಗಳ ಶೋಕಾಚರಣೆ ಕಳೆದು, ‘ಶ್ಲೋಶಿಮ್’ ಎಂಬ ಮೂವತ್ತನೆಯ ದಿನ ಬರುವಷ್ಟರಲ್ಲಿ ನೆನಪು ತುಸು ತಿಳಿಯಾಗಿರುತ್ತದೆ.

ತೀರಿಕೊಂಡವರನ್ನು ನೆನೆದು ಆಡುವ ಈ ಮಾತಿಗೆ ಅವರು ಹೆಸ್ಪೇದ್ ಎನ್ನುತ್ತಾರೆ. ಬೈಬಲಿನ ಆದಿಕಾಂಡದಲ್ಲಿ ಅಬ್ರಹಾಮನು ತೀರಿಕೊಂಡ ಹೆಂಡತಿ ಸಾರಳಿಗಾಗಿ ಗೋಳಾಡಲು ಬಂದ ಭಾಗವನ್ನು ನೀವು ಓದಿರುತ್ತೀರಿ. ಹೀಬ್ರೂವಿನಲ್ಲಿ ಅಲ್ಲಿರುವುದೂ ಇದೇ ಧಾತು. 16ನೇ ಶತಮಾನದಲ್ಲಿ ಯೋಸೆಫ್ ಕಾರೋ ಬರೆದ ಯೆಹೂದ್ಯ ಧರ್ಮಸಂಹಿತೆ ‘ಶುಲ್ಹಾನ್ ಆರುಖ್’ ಇದಕ್ಕೆ ನಿಯಮವನ್ನೇ ಹೇಳುತ್ತದೆ: ಸತ್ತವರಲ್ಲಿದ್ದ ಗುಣವನ್ನು ಹೇಳಿ, ಬೇಕಾದರೆ ಕೊಂಚ ಸೇರಿಸಿ, ಅತಿಯಾಗಿ ಹೊಗಳಬೇಡಿ, ಇಲ್ಲದ ಗುಣವನ್ನಂತೂ ಹೇಳಲೇಬೇಡಿ. ಸುಳ್ಳು ಹೊಗಳಿಕೆಯಿಂದ ಆಡಿದವರಿಗೂ ಸತ್ತವರಿಗೂ ಕೇಡು ಎಂಬಷ್ಟು ಕಟ್ಟುನಿಟ್ಟು. ಆದ್ದರಿಂದ ‘ಶಾಂತಮೂರ್ತಿ’, ‘ದೇವತೆ’ ಎಂಬ ಮಾತುಗಳನ್ನು ದಯವಿಟ್ಟು ಬಿಟ್ಟುಬಿಡಿ. ಮಕ್ಕಳಿಗೆ ತಮ್ಮ ತಾಯಿ ಗೊತ್ತು.

ನೀವು ಹೇಳಬೇಕಾದದ್ದು ನಿಮ್ಮ ಪತ್ರದ ಕೊನೆಯಲ್ಲೇ ಇದೆ. ಶುಕ್ರವಾರ ಸಂಜೆ, ವಾರದ ವಿಶ್ರಾಂತಿ ದಿನವಾದ ಸಬ್ಬತ್‌ನ ದೀಪ ಹಚ್ಚುವ ಮುಂಚೆ, ಬೆಂಕಿಪೊಟ್ಟಣ ಕೈಯಲ್ಲಿ ಹಿಡಿದು ಅಜ್ಜಿ ಗದರುತ್ತಿದ್ದರಲ್ಲ: ‘ಅಮ್ಮನಿಗೆ ಫೋನ್ ಮಾಡಿದೆಯಾ?’ ನೀವು ಹೌದು ಎನ್ನುವವರೆಗೂ ಕಡ್ಡಿ ಗೀರುತ್ತಿರಲಿಲ್ಲ ಎಂದು ಬರೆದಿದ್ದೀರಿ. ನಾನು ಅಲ್ಲಿ ಓದು ನಿಲ್ಲಿಸಿ ಸ್ವಲ್ಪ ಹೊತ್ತು ಕುಳಿತೆ. ಆ ಕೋಣೆಯಲ್ಲಿ ಇದ್ದದ್ದು ನೀವಿಬ್ಬರೇ. ಇದು ಮಕ್ಕಳಿಗೂ ತಿಳಿಯದ ಸಂಗತಿ. ಅದಕ್ಕಾಗಿಯೇ ಅವರು ನಿಮ್ಮನ್ನು ಕೇಳಿದ್ದಾರೆ. ಕೆಲಸದವಳೆಂಬ ಅಳುಕು ಬೇಡ.

ಮೂರು ನಿಮಿಷ ಸಾಕು. ಹೀಬ್ರೂ ಲಿಪಿ ಬಾರದು ಎಂದಿದ್ದೀರಿ. ಕನ್ನಡ ಅಕ್ಷರದಲ್ಲೇ ದಪ್ಪಗೆ ಬರೆದುಕೊಳ್ಳಿ. ಅಜ್ಜಿಯ ಪ್ರಶ್ನೆಯನ್ನು ಮಾತ್ರ ಅವರದೇ ಮಾತಿನಲ್ಲಿ, ಅವರು ಗದರುತ್ತಿದ್ದ ಧಾಟಿಯಲ್ಲೇ ಹೇಳಿ. ಅಳು ಬಂದರೆ ತಡೆಯಬೇಡಿ. ಹೊರಡುವ ಮುನ್ನ ಎಲ್ಲರಂತೆ ನೀವೂ ಸಮಾಧಿಯ ಮೇಲೆ ಒಂದು ಸಣ್ಣ ಕಲ್ಲಿಡಿ.

— ಸಂಪಾದಕ