ಹೊಸ ಕಾರಿನ ಒಳಗಿನ ಪ್ಲಾಸ್ಟಿಕ್ ಸಡಿಲ ಇದ್ದರೆ ಏನು ಮಾಡಬೇಕು?

ಕಾಸರಗೋಡು ಜಿಲ್ಲೆಯ ಉಪ್ಪಳದಿಂದ ಕೇಳಿದ್ದೀರಿ. ಕಾರು ತಗೊಂಡು 3 ವಾರ, ಎಡಗಡೆ ಮುಂದಿನ ಗಾಜಿನ ಪಕ್ಕದ ಪಿಲ್ಲರ್ ಕವರ್ ಉಗುರು ಹೋಗುವಷ್ಟು ಎದ್ದು ನಿಂತಿದೆ, ಹಿಂದಿನ ಬಾಗಿಲಿನಿಂದ ಕಟಕಟ ಸದ್ದು, ಶೋರೂಮಿನವರು 'ಓಡಿಸ್ತಾ ಓಡಿಸ್ತಾ ಸೆಟ್ ಆಗುತ್ತೆ' ಅಂತಾರೆ, ನಾನೇ ಗಮ್ ಹಾಕಿ ಒತ್ತಿಬಿಡಲಾ ಅಂತ.

ದಯವಿಟ್ಟು ಗಮ್ ಹಾಕಬೇಡಿ. ಅದರಲ್ಲೂ ಆ ಪಿಲ್ಲರಿಗೆ ಬೇಡವೇ ಬೇಡ. ನಿಮ್ಮ ಕಾರಿಗೆ 6 ಏರ್‌ಬ್ಯಾಗ್ ಇದ್ದರೆ ಅದರಲ್ಲಿ ಎರಡು ಕರ್ಟನ್ ಏರ್‌ಬ್ಯಾಗ್, ಅವು ಮಡಚಿಕೊಂಡು ಕೂತಿರುವುದು ಬಾಗಿಲಿನ ಮೇಲೆ ಸೂರಿನ ಅಂಚಿನಲ್ಲಿ, ಅದರ ಮುಂದಿನ ತುದಿ ಬಹಳ ಕಾರುಗಳಲ್ಲಿ ಇದೇ ಪಿಲ್ಲರ್ ಕವರಿನ ಒಳಗೆ ಬರುತ್ತದೆ. ಬ್ಯಾಗ್ ಬಿಚ್ಚಿಕೊಳ್ಳುವಾಗ ಕವರ್ ಅದಕ್ಕೆ ಜಾಗ ಬಿಡಬೇಕು, ಹಾಗಂತ ಕಿತ್ತು ಮುಖಕ್ಕೂ ಹಾರಬಾರದು. ಅದಕ್ಕೇ ಅಲ್ಲಿ ಬೇರೆ ಥರದ ಕ್ಲಿಪ್ ಹಾಕಿರುತ್ತಾರೆ. ಎಷ್ಟೋ ಮಾಡೆಲ್‌ಗಳಲ್ಲಿ ಒಮ್ಮೆ ಬಿಚ್ಚಿದರೆ ಆ ಕ್ಲಿಪ್ಪನ್ನು ಬದಲಾಯಿಸಲೇಬೇಕು. ಗಮ್ ಹಾಕಿ ಅಂಟಿಸಿದರೆ ಆ ಏರ್ಪಾಡೇ ಕೆಡುತ್ತದೆ. ಸ್ಕ್ರೂಡ್ರೈವರ್ ತೂರಿಸಿ ಎತ್ತಿ ನೋಡುವುದೂ ಬೇಡ. ಇನ್ನೊಂದು, ಫೆವಿಕ್ವಿಕ್ ಥರದ ಗಮ್ ಕಪ್ಪು ಪ್ಲಾಸ್ಟಿಕ್ ಮೇಲೆ ಬಿಳಿ ಮಬ್ಬು ಬಿಡುತ್ತದೆ. ಆಮೇಲೆ ವಾರಂಟಿ ಕೇಳಲು ಹೋದರೆ 'ನೀವೇ ಕೈ ಹಾಕಿದ್ದೀರಿ' ಅನ್ನಲು ಅವರಿಗೆ ಅಷ್ಟೇ ಸಾಕು.

'ಸೆಟ್ ಆಗುತ್ತೆ' ಅನ್ನುವುದು ಸುಳ್ಳು. ಕೂರದ ಕ್ಲಿಪ್ ತಾನಾಗಿ ಕೂರುವುದಿಲ್ಲ, ಅಲುಗಾಡಿ ಅಲುಗಾಡಿ ಇನ್ನಷ್ಟು ಸವೆಯುತ್ತದೆ.

ನನಗೂ ಇದೇ ಆಗಿತ್ತು. ನಾನು ಪೆರ್ಲದ ಹತ್ತಿರದವನು. ಹೊಸ ಕಾರು ತಂದು ಎರಡನೇ ವಾರಕ್ಕೆ ಹಿಂದಿನ ಎಡ ಬಾಗಿಲಿನಿಂದ ಸದ್ದು ಶುರು. ಮುಖ್ಯ ರಸ್ತೆಯಲ್ಲಿ ಇಲ್ಲ, ಮನೆ ಕಡೆ ತಿರುಗುವ ಮುರಕಲ್ಲಿನ ರಸ್ತೆಗೆ ಬಂದ ಕೂಡಲೇ ಟಕ ಟಕ ಟಕ. ಮೊದಲ ಸಲ ತೋರಿಸಲು ಹೋದದ್ದು ಮಧ್ಯಾಹ್ನ 12ಕ್ಕೆ. ಸದ್ದೇ ಇಲ್ಲ! ದೂರು ಬರೆದುಕೊಳ್ಳುವ ಸರ್ವಿಸ್ ಅಡ್ವೈಸರ್ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಆಮೇಲೆ ಗೊತ್ತಾಯಿತು, ಬಿಸಿಲಿಗೆ ಪ್ಲಾಸ್ಟಿಕ್ ಹಿಗ್ಗಿ ಬಿಗಿಯಾಗುತ್ತಿತ್ತು, ಬೆಳಿಗ್ಗೆ ತಂಪಿಗೆ ಕುಗ್ಗಿ ಸಡಿಲ ಆಗುತ್ತಿತ್ತು. ಕೆಲವು ಕಾರಿನಲ್ಲಿ ಇದು ಉಲ್ಟಾ. ಎರಡನೇ ಸಲ ಕಾರನ್ನು ರಾತ್ರಿ ಅಲ್ಲೇ ಬಿಟ್ಟು, ಬೆಳಿಗ್ಗೆ ಬೇಗ ಹೋಗಿ, ಟೆಕ್ನೀಷಿಯನ್ ಕೈಯಲ್ಲಿ ಕಾರು ಕೊಟ್ಟು ನಾನು ಹಿಂದೆ ಕೂತೆ. 100 ಮೀಟರ್ ಹೋಗುವುದರೊಳಗೆ ಅವರೇ 'ಹಾಂ, ಇದೆ' ಅಂದರು.

ಮೂರನೇ ಸಲ ಹೋದಾಗ ಡೋರ್ ಪ್ಯಾಡ್, ಅಂದರೆ ಬಾಗಿಲಿನ ಒಳಗಡೆಯ ಕವರ್ ಬಿಚ್ಚಿದರು, ನಾನು ಪಕ್ಕದಲ್ಲೇ ನಿಂತಿದ್ದೆ. ಪ್ಯಾಡಿನ ಹಿಂದೆ ಸಾಲಾಗಿ ಪ್ಲಾಸ್ಟಿಕ್ ಗೂಡುಗಳು, ಪ್ರತಿ ಗೂಡಿಗೆ ಒಂದು ಬಿಳಿ ಕ್ಲಿಪ್ಪಿನ ತಲೆ ಸಿಕ್ಕಿಕೊಂಡಿರುತ್ತದೆ, ಅದರ ಮೂತಿ ಬಾಗಿಲಿನ ತಗಡಿನ ತೂತಿಗೆ ಹೋಗಿ ಕಚ್ಚಬೇಕು. ನನ್ನದರಲ್ಲಿ ಒಂದು ಗೂಡು ಖಾಲಿ, ಆ ಕ್ಲಿಪ್ ತಗಡಿನ ತೂತಲ್ಲೇ ಉಳಿದಿತ್ತು. ಪಕ್ಕದ್ದರ ಮೂತಿ ಮುರಿದಿತ್ತು. ಹೊರಗಿನಿಂದ ನೋಡಿದರೆ ಪ್ಯಾಡ್ ಚೆನ್ನಾಗಿ ಕೂತ ಹಾಗೇ ಕಾಣುತ್ತಿತ್ತು. ಫ್ಯಾಕ್ಟರಿಯ ತಪ್ಪೂ ಅಲ್ಲ ಅದು. ಡೆಲಿವರಿ ದಿನ ಹಿಂದಿನ ಬಾಗಿಲಿಗೆ ಸ್ಪೀಕರ್ ಹಾಕಿಸಿದ್ದೆ, ಅವತ್ತು ಅವಸರದಲ್ಲಿ ಪ್ಯಾಡ್ ಎಳೆದು ಮತ್ತೆ ಗುದ್ದಿ ಕೂರಿಸಿದ್ದರು. ಹೊಸ ಕ್ಲಿಪ್ ಎರಡು ಹಾಕಿದರು, ಅರ್ಧ ಗಂಟೆಯ ಕೆಲಸ. ಅಷ್ಟಕ್ಕೆ ನಾನು ಮೂರು ಸಲ ಹೋಗಬೇಕಾಯಿತು ಅನ್ನುವುದೇ ಬೇಜಾರು.

ಮೂರು ಸಲ ಯಾಕೆ ಅಂದರೆ ಜಾಬ್ ಕಾರ್ಡ್, ನಮ್ಮ ದೂರನ್ನು ಸರ್ವಿಸಿನವರು ಬರೆದುಕೊಳ್ಳುವ ಹಾಳೆ. ನಿಮಗೆ ಮುಖ್ಯವಾಗಿ ಹೇಳಬೇಕಾದದ್ದು ಇದೇ. ನಾನು 'ಸದ್ದು ಬರುತ್ತದೆ' ಅಂದೆ, ಅವರು 'ಸದ್ದು ನೋಡಿ' ಅಂತಷ್ಟೇ ಬರೆದುಕೊಂಡರು. ವಾರಂಟಿ ಪುಸ್ತಕ ತೆಗೆದು ನೋಡಿ, ಹೆಚ್ಚಿನವುಗಳಲ್ಲಿ ಸಾಮಾನ್ಯ ಸದ್ದು, ಕಂಪನ ವಾರಂಟಿಗೆ ಬರುವುದಿಲ್ಲ ಅಂತ ಒಂದು ಸಾಲು ಇರುತ್ತದೆ. ಅದನ್ನು ತೋರಿಸಿ ಕಳಿಸಿಬಿಡುತ್ತಾರೆ. ಆದ್ದರಿಂದ ಸದ್ದು ಅಂತ ಮೊದಲು ಹೇಳಬೇಡಿ. 'ಎಡ ಮುಂದಿನ ಪಿಲ್ಲರ್ ಕವರ್ ಕೂತಿಲ್ಲ, ಮೇಲ್ಗಡೆ ಗ್ಯಾಪ್ ಇದೆ. ಹಿಂದಿನ ಬಾಗಿಲಿನ ಪ್ಯಾಡ್ ಕ್ಲಿಪ್ ಸಡಿಲ, ಕೈಯಿಂದ ಒತ್ತಿದರೆ ಆಡುತ್ತದೆ' ಅಂತ ಬರೆಸಿ. ಇದು ಫಿಟ್ಟಿಂಗ್ ದೋಷ, ಕಣ್ಣಿಗೆ ಕಾಣುವಂಥದ್ದು. ನಮ್ಮ ಕಡೆ ಅಡ್ವೈಸರ್ ಜೊತೆ ಮಾತು ಮಲಯಾಳದಲ್ಲಿ, ಕಾರ್ಡ್ ಇಂಗ್ಲಿಷಿನಲ್ಲಿ, ನಾವು ಯೋಚಿಸುವುದು ಕನ್ನಡದಲ್ಲಿ, ನಡುವೆ ಅರ್ಧ ವಿಷಯ ಉದುರಿ ಹೋಗುತ್ತದೆ. ಸಹಿ ಹಾಕುವ ಮೊದಲು ಬರೆದದ್ದನ್ನು ಓದಿಸಿ ಕೇಳಿ, ಒಂದು ಕಾಪಿ ತಗೊಳ್ಳಿ. ಗ್ಯಾಪಿನ ಫೋಟೋ, ಒತ್ತಿದಾಗ ಆಡುವ ವಿಡಿಯೋ ಫೋನಲ್ಲಿ ಇರಲಿ.

ಹೋಗುವ ಮೊದಲು ಮನೆಯಲ್ಲೇ ಒಂದು ಕೆಲಸ ಮಾಡಿ. ಕಾರಿನಿಂದ ಎಲ್ಲ ಸಾಮಾನು ತೆಗೆಯಿರಿ, ಗ್ಲೋವ್ ಬಾಕ್ಸಿನ ಪುಸ್ತಕ, ಬಾಗಿಲಿನ ನೀರಿನ ಬಾಟ್ಲಿ, ಡಿಕ್ಕಿಯ ಜ್ಯಾಕ್, ಪಾರ್ಸೆಲ್ ಟ್ರೇ ಕೂಡ. ಹಿಂದಿನ ಸೀಟ್ ಬೆಲ್ಟ್ ಹಾಕಿಬಿಡಿ, ಯಾಕೆಂದರೆ ಜೋತು ಬಿದ್ದ ಬಕಲ್ ಪ್ಲಾಸ್ಟಿಕ್ಕಿಗೆ ಬಡಿದರೆ ಥೇಟ್ ಕ್ಲಿಪ್ ಸಡಿಲ ಇದ್ದ ಹಾಗೇ ಕೇಳುತ್ತದೆ. ಆಮೇಲೆ ಹೆದ್ದಾರಿಯ ಸರ್ವಿಸ್ ರಸ್ತೆಯಲ್ಲಿ ಹೊಂಡ ಇರುವ ಕಡೆ ಬೇರೆ ಯಾರಾದರೂ 20ರ ಸ್ಪೀಡಲ್ಲಿ ಓಡಿಸಲಿ, ನೀವು ಹಿಂದೆ ಕೂತು ಅಂಗೈಯಿಂದ ಒಂದೊಂದೇ ಜಾಗ ಒತ್ತುತ್ತಾ ಬನ್ನಿ. ಒತ್ತಿದ ಕೂಡಲೇ ಎಲ್ಲಿ ಸದ್ದು ನಿಲ್ಲುತ್ತದೋ ಅಲ್ಲಿ ಪೇಪರ್ ಟೇಪಿನ ಒಂದು ಚೂರು ಅಂಟಿಸಿ. ಬಾಗಿಲಿನ ರಬ್ಬರ್ ಬೀಡಿಂಗ್ ಕಿರ್ ಕಿರ್ ಅಂದರೆ ಮಾತ್ರ ನೀವೇ ಸರಿ ಮಾಡಬಹುದು, ಒರೆಸಿ ಒಂದಿಷ್ಟು ಸಿಲಿಕಾನ್ ಸ್ಪ್ರೇ ಬಟ್ಟೆಗೆ ಹಾಕಿ ಸವರಿದರೆ ಸಾಕು. ಗ್ರೀಸ್, ಎಣ್ಣೆ ಬೇಡ, ರಬ್ಬರ್ ಊದುತ್ತದೆ.

ಬಾಗಿಲು ಬಿಚ್ಚಿಸಿದರೆ ಇನ್ನೊಂದು ನೋಡಲೇಬೇಕು. ಪ್ಯಾಡಿನ ಹಿಂದೆ ತಗಡಿಗೆ ಒಂದು ಪ್ಲಾಸ್ಟಿಕ್ ಶೀಟ್ ಅಂಟಿಸಿರುತ್ತಾರೆ. ಗಾಜಿನ ಸಂದಿಯಿಂದ ಬಾಗಿಲೊಳಗೆ ಇಳಿದ ಮಳೆನೀರು ಕೆಳಗಿನ ತೂತಿನಿಂದ ಹೊರಗೆ ಹೋಗಬೇಕು, ಸೀಟಿನ ಕಡೆ ಬಾರದ ಹಾಗೆ ತಡೆಯುವುದು ಆ ಶೀಟ್. ಅದನ್ನು ಹರಿದು ಅಥವಾ ಸುಮ್ನೆ ಒತ್ತಿ ಪ್ಯಾಡ್ ಮುಚ್ಚಿಬಿಟ್ಟರೆ ನಮ್ಮ ಆಟಿ ಮಳೆಗೆ ಕಾಲಡಿಯ ಮ್ಯಾಟ್ ಒದ್ದೆ ಗ್ಯಾರಂಟಿ. ಮನೆಗೆ ಬಂದು ಗಾಜಿನ ಮೇಲೆ ಐದು ನಿಮಿಷ ಪೈಪಿನಲ್ಲಿ ನೀರು ಬಿಟ್ಟು ಮ್ಯಾಟಿನ ಅಡಿ ಮುಟ್ಟಿ ನೋಡಿ.

ಎರಡು ಸಲ ಹೋದರೂ ಆಗದಿದ್ದರೆ ಅಲ್ಲೇ ಜಗಳಕ್ಕೆ ನಿಲ್ಲಬೇಡಿ. ಕಂಪನಿಯ ವಾರಂಟಿಗೆ ಅದೇ ಶೋರೂಮ್ ಆಗಬೇಕು ಅಂತಿಲ್ಲ, ಅದೇ ಕಂಪನಿಯ ಅಧಿಕೃತ ಸರ್ವಿಸ್ ಸೆಂಟರ್ ಎಲ್ಲಿದ್ದರೂ ನಡೆಯುತ್ತದೆ. ನಿಮಗೆ ತಲಪಾಡಿ ದಾಟಿದರೆ ಮಂಗಳೂರು ದೂರ ಅಲ್ವಲ್ಲ. ಜೊತೆಗೆ ಜಾಬ್ ಕಾರ್ಡ್ ಕಾಪಿ ಸಮೇತ ಕಂಪನಿಗೇ ಮೇಲ್ ಹಾಕಿ. ಅದಕ್ಕೂ ಉತ್ತರ ಇಲ್ಲ ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಕೊನೆಗೆ ಕಾಸರಗೋಡಿನಲ್ಲೇ ಜಿಲ್ಲಾ ಗ್ರಾಹಕ ಆಯೋಗ ಇದೆ, 2 ವರ್ಷದೊಳಗೆ ದೂರು ಕೊಡಬೇಕು. ಕ್ಲಿಪ್ಪಿನ ವಿಷಯ ಅಲ್ಲಿವರೆಗೆ ಹೋಗುವುದು ಕಡಿಮೆ.

ಸ್ಪೀಕರ್, ರಿವರ್ಸ್ ಕ್ಯಾಮೆರಾ, ಡ್ಯಾಶ್‌ಕ್ಯಾಮ್ ಏನಾದರೂ ಹಾಕಿಸಿದ್ದೀರಾ ಅಂತ ನೀವು ಬರೆದಿಲ್ಲ. ಡ್ಯಾಶ್‌ಕ್ಯಾಮ್ ಇದ್ದರೆ ಅದರ ವಯರನ್ನು ಆ ಪಿಲ್ಲರ್ ಕವರಿನೊಳಗೇ ತುರುಕಿರುವ ಸಾಧ್ಯತೆ ಜಾಸ್ತಿ, ಕವರ್ ಎದ್ದಿರುವುದು ಅದರಿಂದಲೇ ಇರಬಹುದು. ಹಾಗಿದ್ದರೆ ವಯರ್ ಏರ್‌ಬ್ಯಾಗಿನ ಮುಂದೆ ಹಾದು ಹೋಗಿದೆಯಾ ನೋಡಿ ಅಂತ ಜಾಬ್ ಕಾರ್ಡಿನಲ್ಲಿ ಬೇರೆಯೇ ಸಾಲು ಬರೆಸಿ.