ಪೈಪಿನ ಗುಂಡಿಗೆ ಬಿದ್ದು ಕಾಲು ಮುರಿದರೆ ಪರಿಹಾರ ಯಾರಿಂದ?

ಪ್ರಶ್ನೆ: ನಮ್ಮ ಯಜಮಾನರು ಬೆಳಗಿನ ಜಾವ ಮೊಪೆಡ್‌ನಲ್ಲಿ ಟೊಮೆಟೊ ಕ್ರೇಟ್ ಇಟ್ಟುಕೊಂಡು ಕೋಲಾರದ ಎಪಿಎಂಸಿಗೆ ಹೋಗುತ್ತಿದ್ದರು. ನೀರಿನ ಪೈಪಿಗೆಂದು ಅಗೆದು ಸಡಿಲ ಮಣ್ಣು ಮುಚ್ಚಿದ್ದ ಜಾಗದಲ್ಲಿ ಚಕ್ರ ಹೂತು ಬಿದ್ದರು. ಕಾಲಿಗೆ ರಾಡ್ ಹಾಕಿದ್ದಾರೆ. ಮೂರೇ ದಿನದಲ್ಲಿ ಯಾರೋ ಅಲ್ಲಿ ಜಲ್ಲಿ ಸುರಿದು ಹೋದರು. ರಸ್ತೆ ಕೆಟ್ಟಿದ್ದರೆ ಒಂದು ಲಕ್ಷ ಕೊಡುತ್ತಾರಂತೆ, ನಿಜವೇ?
– ಓದುಗರೊಬ್ಬರು, ಕೋಲಾರ ತಾಲ್ಲೂಕು

ಉತ್ತರ: ಆ ಒಂದು ಲಕ್ಷ ನಿಮ್ಮ ಕೈಗೆ ಬರುವ ಹಣವಲ್ಲ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿದ 198ಎ ಸೆಕ್ಷನ್ ಪ್ರಕಾರ, ರಸ್ತೆಯ ಗುಣಮಟ್ಟ ಕಾಯದೆ ಸಾವು ಅಥವಾ ಅಂಗವೈಕಲ್ಯಕ್ಕೆ ಕಾರಣವಾದ ಪ್ರಾಧಿಕಾರ, ಗುತ್ತಿಗೆದಾರರಿಗೆ ಒಂದು ಲಕ್ಷದವರೆಗೆ ದಂಡ ಹಾಕಬಹುದು. ಅದು ಅಪಘಾತ ನಿಧಿಗೆ ಹೋಗುತ್ತದೆ. ಬೇರೆ ವಾಹನ ಡಿಕ್ಕಿ ಹೊಡೆಯದ ಕಾರಣ ಅಪಘಾತ ಪರಿಹಾರ ನ್ಯಾಯಮಂಡಳಿಯೂ ನಿಮಗೆ ದಾರಿಯಲ್ಲ. ಉಳಿದದ್ದು ಸಿವಿಲ್ ದಾವೆ.

ದಾವೆಗಿಂತ ಮೊದಲು ಆಸ್ಪತ್ರೆಯ ದಾಖಲೆ ತೆಗೆಸಿ ನೋಡಿ. ಅಲ್ಲಿ ‘ಸ್ಕಿಡ್ ಆಗಿ ಬಿದ್ದದ್ದು’ ಎಂದಷ್ಟೇ ಬರೆದಿರುವ ಸಂಭವ ಹೆಚ್ಚು. ಇಂಥ ಮೊಕದ್ದಮೆಗಳು ಸೋಲುವುದು ಆ ಒಂದು ಪದದಲ್ಲಿ. ಎದುರು ವಕೀಲರು ಅದನ್ನೇ ಹಿಡಿದು ಸವಾರನ ಅಜಾಗರೂಕತೆ ಎನ್ನುತ್ತಾರೆ. ತಡವಾದರೂ ಪೊಲೀಸರಿಗೆ ದೂರು ಕೊಡಿ, ತಡವೇಕಾಯಿತೆಂದು ಬರೆಯಿರಿ, ಗುಂಡಿಯ ಜಾಗ ಗುರುತಿಸಿ ಮಹಜರು ಮಾಡಲು ಕೇಳಿ.

ಜಲ್ಲಿ ಸುರಿದರೆಂದು ಕೊರಗಬೇಡಿ. ಸುರಿದವರು ಬಿಲ್ ಮಾಡಿದ್ದರೆ ಅದೇ ನಿಮ್ಮ ಸಾಕ್ಷಿ. ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಡಿ ಕಾಮಗಾರಿ ಆದೇಶ, ಗುತ್ತಿಗೆದಾರರ ಹೆಸರು, ಮಾಡಿದ ಕೆಲಸವನ್ನು ದಾಖಲಿಸುವ ಅಳತೆ ಪುಸ್ತಕದ ನಕಲು ಕೇಳಿ. ನಮ್ಮ ರಾಜ್ಯದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ 150 ಪದಗಳೊಳಗೆ ಇರಲಿ. ರಸ್ತೆ ಲೋಕೋಪಯೋಗಿ ಇಲಾಖೆಯದೋ, ಪಂಚಾಯಿತಿಯದೋ, ಅಗೆದವರು ಯಾರೋ ಎಂಬುದು ಅದರಲ್ಲೇ ಬಯಲಾಗುತ್ತದೆ. ರಸ್ತೆ ಯಾರದೋ ಅವರು, ಅಗೆದವರು ಇಬ್ಬರನ್ನೂ ಪ್ರತಿವಾದಿ ಮಾಡುವುದು ಕ್ಷೇಮ. ಇಲ್ಲವಾದರೆ ಒಬ್ಬರು ಇನ್ನೊಬ್ಬರತ್ತ ಬೆರಳು ತೋರಿಸಿಯೇ ವರ್ಷ ಕಳೆಯುತ್ತಾರೆ.

ಒಳ್ಳೆಯ ರಸ್ತೆ ಬದುಕುವ ಹಕ್ಕಿನ ಭಾಗವೆಂದು ಕರ್ನಾಟಕ ಹೈಕೋರ್ಟ್ 2019ರಲ್ಲಿ ಬೆಂಗಳೂರಿನ ಗುಂಡಿಗಳ ಪ್ರಕರಣದಲ್ಲಿ ಹೇಳಿದೆ. ಬಾಂಬೆ ಹೈಕೋರ್ಟ್ 2025ರಲ್ಲಿ ಗಾಯಾಳುಗಳಿಗೆ 50 ಸಾವಿರದಿಂದ ಎರಡೂವರೆ ಲಕ್ಷದವರೆಗೆ ನಿಗದಿ ಮಾಡಿತು. ಅದು ನಮ್ಮಲ್ಲಿ ಕಡ್ಡಾಯವಲ್ಲ, ವಾದಕ್ಕೆ ಬಲ.

ಸರ್ಕಾರದ ಮೇಲೆ ದಾವೆಗೆ ಮುನ್ನ ಎರಡು ತಿಂಗಳ ನೋಟಿಸ್ ಕಡ್ಡಾಯ. ಕಾಲಮಿತಿಯ ತಕರಾರು ಬಾರದಂತೆ ಬಿದ್ದ ದಿನದಿಂದ ಒಂದು ವರ್ಷದೊಳಗೆ ದಾವೆ ಹೂಡಿ. ಹಾಗೆಯೇ, ಟೊಮೆಟೊ ಮಾರಿದಾಗ ಮಂಡಿಯಲ್ಲಿ ಕೊಟ್ಟ ಹಳೆಯ ಪಟ್ಟಿಗಳನ್ನು ಒಲೆಗೆ ಹಾಕಬೇಡಿ: ಯಜಮಾನರು ಮಲಗಿದ ದಿನಗಳ ದುಡಿಮೆ ಎಷ್ಟೆಂದು ತೋರಿಸಲು ನಿಮ್ಮ ಬಳಿ ಇರುವ ಕಾಗದ ಅದೊಂದೇ.